ಹಳದಿ ಗುರುತಿನ ಹಿಂದಿನ ಕಥೆ

ಹೋದ ಭಾನುವಾರ ಕತ್ರಿಗುಪ್ಪೆಯ ನಮ್ಮ ಮನೆಯಲ್ಲಿ ಒಂದು ಹೊಸ ಕಂಪ್ಯೂಟರ್ ಹುಟ್ಟಿತು. ಹುಟ್ಟಿದ್ದೇನೋ ಹುಟ್ಟಿತು, ಅಳಲಿಲ್ಲ :-) ಫ್ಯಾನು ತಿರುಗುತ್ತಿದೆ, ದೀಪ ಉರಿಯುತ್ತಿದೆ, ಮಾನಿಟರ್ ಮಾತ್ರ ಕಪ್ಪು.

ಶನಿವಾರ ಬನಶಂಕರಿಯಲ್ಲಿ ಮೆಟ್ರೋ ಹತ್ತಿ, ಕೆ.ಆರ್. ಮಾರ್ಕೆಟ್‌ನಲ್ಲಿ ಇಳಿದು, ಎಸ್.ಪಿ. ರಸ್ತೆಯಲ್ಲಿ ಅಂಗಡಿ ಅಂಗಡಿ ಸುತ್ತಿ ಬಿಡಿಭಾಗಗಳನ್ನು ತಂದಿದ್ದೆ. ಇದೆಲ್ಲ ಅಪ್ಪನಿಗಾಗಿ. ನಮ್ಮಜ್ಜಿ ಬದುಕಿದ್ದಾಗ ಹೇಳುತ್ತಿದ್ದ ಹಳೇ ಕಾಲದ ಸಂಗತಿಗಳನ್ನೆಲ್ಲ ಅಪ್ಪ 2004ರಲ್ಲಿ ಕೂತು ಟೈಪ್ ಮಾಡಿಟ್ಟಿದ್ದರು. ಬರೆದ ನೋಟ್‌ಬುಕ್ ಮನೆ ಬದಲಿಸುವಾಗ ಕಳೆದುಹೋಯಿತು. ಹಳೇ ಕಂಪ್ಯೂಟರ್ ಕೈಕೊಟ್ಟಿತು. ಅದರ ಹಾರ್ಡ್ ಡಿಸ್ಕಿನಿಂದ ಫೈಲುಗಳನ್ನು ಹೇಗೋ ಪೆನ್ ಡ್ರೈವಿಗೆ ಎಳೆದುಕೊಂಡಿದ್ದೆವು. ಅಜ್ಜಿಯದು ಅಂತ ಉಳಿದಿರುವುದು ಅಷ್ಟೇ.

ಅರ್ಧ ಗಂಟೆ ರ್‍ಯಾಮ್ ತೆಗೆದು ಹಾಕಿ ಒದ್ದಾಡಿದ ಮೇಲೆ ಮಾವನಿಗೆ ಫೋನ್ ಮಾಡಿದೆ. ಮಾವ ತೊಂಬತ್ತರ ದಶಕದಲ್ಲಿ ಕಂಪ್ಯೂಟರ್ ಜೋಡಿಸಿಕೊಡುತ್ತಿದ್ದವರು. ಬಂದರು, ಡಬ್ಬದ ಹಿಂದೆ ಒಮ್ಮೆ ಬಗ್ಗಿ ನೋಡಿದರು. "ಲೋ ಇಂಜಿನಿಯರ್ರೇ, ಕೇಬಲ್ ಎಲ್ಲಿ ಚುಚ್ಚಿದೀಯ?" ನಾನು ಕೊಂಡ ಪ್ರೊಸೆಸರಿನೊಳಗೆ ಗ್ರಾಫಿಕ್ಸ್ ಇಲ್ಲ, ಮಾನಿಟರಿನ ಕೇಬಲ್ಲನ್ನು ಗ್ರಾಫಿಕ್ಸ್ ಕಾರ್ಡಿಗೆ ಹಾಕದೆ ಮದರ್‌ಬೋರ್ಡಿಗೇ ಹಾಕಿದ್ದೆ. ಮರ್ಯಾದೆ ಹೋಯಿತು. ಅತ್ತೆಗೂ ಸುದ್ದಿ ಮುಟ್ಟಿದೆ ಬಿಡಿ.

ಕಾಫಿ ಕುಡಿಯುತ್ತಾ ಮಾವ ತಮ್ಮ ಕಾಲದ ಪುರಾಣ ಬಿಚ್ಚಿದರು. ನನಗೆ ಗೊತ್ತಿರುವುದನ್ನೂ ಸೇರಿಸಿ ಹೇಳುತ್ತೇನೆ.

ಒಂದು ಸಾಧನಕ್ಕೆ ಪ್ರೊಸೆಸರಿನ ಗಮನ ಬೇಕಾದರೆ ಅದು ಒಂದು ಗಂಟೆ ಬಾರಿಸಬೇಕು. ಆ ಗಂಟೆಯ ಹಗ್ಗವೇ ಐಆರ್‌ಕ್ಯೂ. 1981ರ ಐಬಿಎಂ ಪಿಸಿಯಲ್ಲಿ ಇದ್ದದ್ದು ಎಂಟೇ ಹಗ್ಗ. 1984ರ ಪಿಸಿ ಎಟಿಯಲ್ಲಿ ಎಂಟೆಂಟರ ಎರಡು ಚಿಪ್ ಹಾಕಿದರು, ಅವೆರಡನ್ನು ಜೋಡಿಸಲು ಒಂದು ಹಗ್ಗ ಖರ್ಚಾಗಿ ಹದಿನೈದು ಉಳಿಯಿತು. ಟೈಮರ್, ಕೀಬೋರ್ಡ್, ಫ್ಲಾಪಿ ಅಂತ ತಲೆಗೊಂದು ಹಂಚಿದ ಮೇಲೆ ಹೊಸಬರಿಗೆ ಸಿಗುತ್ತಿದ್ದದ್ದು ಕೆಲವೇ. ಸೌಂಡ್ ಕಾರ್ಡ್ ಹಾಕುವವನು ಅದರ ಮೇಲಿನ ಪುಟಾಣಿ ಜಂಪರ್‌ಗಳನ್ನು ಕಿತ್ತು ಬೇರೆ ಕಡ್ಡಿಗೆ ಸಿಕ್ಕಿಸಿ, ವಿಳಾಸ 220, ಐಆರ್‌ಕ್ಯೂ 5, ಡಿಎಂಎ 1 ಎಂದು ತಾನೇ ನಿಗದಿ ಮಾಡಬೇಕು. ಅದೇ ಅಂಕಿಗಳನ್ನು ಆಟೋಎಕ್ಸೆಕ್ ಫೈಲಿನಲ್ಲೂ ಬರೆಯಬೇಕು. ಒಂದು ಅಂಕಿ ತಪ್ಪಿದರೆ ಗೇಮ್ ಮೂಕ.

ಇನ್ನೂ ಮಜಾ ಅಂದರೆ ಸೀರಿಯಲ್ ಪೋರ್ಟುಗಳದ್ದು. ಕಾಮ್ 1ಕ್ಕೂ ಕಾಮ್ 3ಕ್ಕೂ ಇದ್ದದ್ದು ಒಂದೇ ಹಗ್ಗ, ನಾಲ್ಕನೆಯದು. ಮಾವನ ಗಿರಾಕಿಯೊಬ್ಬರ ಮನೆಯಲ್ಲಿ ಮೌಸ್ ಮೊದಲನೆಯದರಲ್ಲಿ, ಮೋಡೆಮ್ ಮೂರನೆಯದರಲ್ಲಿ. ಇಂಟರ್‌ನೆಟ್‌ಗೆ ಡಯಲ್ ಮಾಡಿದ ಕೂಡಲೇ ಮೌಸ್ ಸ್ತಬ್ಧ! ಅವರು ಎರಡು ಮೌಸ್ ಬದಲಿಸಿದ ಮೇಲೆ ಮಾವನನ್ನು ಕರೆದರಂತೆ.

ಅಂದರೆ ಆಗ ಕಾರ್ಡಿಗೆ ತಾನು ಯಾರೆಂದು ಹೇಳುವ ಬಾಯಿಯೇ ಇರಲಿಲ್ಲ, ಜೋಡಿಸುವವನೇ ಹೇಳಬೇಕಿತ್ತು. 1992ರಲ್ಲಿ ಇಂಟೆಲ್ ತಂದ ಪಿಸಿಐ ಇದನ್ನು ಬದಲಿಸಿತು. ಪ್ರತಿ ಕಾರ್ಡಿನೊಳಗೂ ಎರಡು ಸಂಖ್ಯೆ: ತಯಾರಕರದ್ದೊಂದು, ಸಾಧನದ್ದೊಂದು. ಕೇಳಿದರೆ ಕಾರ್ಡೇ ಹೇಳುತ್ತದೆ. (ಇಂಟೆಲ್ ತನಗೆ ಇಟ್ಟುಕೊಂಡ ಸಂಖ್ಯೆ 8086, ತನ್ನ ಹಳೇ ಪ್ರೊಸೆಸರಿನ ಹೆಸರು. ಇಂಜಿನಿಯರುಗಳ ಹಾಸ್ಯ ಇಷ್ಟೇ!) ಹಳೇ ಸ್ಲಾಟಿಗೂ ಇಂಥದ್ದೇ ಬಾಯಿ ಕೊಡುವ 'ಪ್ಲಗ್ ಅಂಡ್ ಪ್ಲೇ' 1993ರಲ್ಲಿ ಬಂತು, 1995ರ ಆಗಸ್ಟಿನಲ್ಲಿ ವಿಂಡೋಸ್ 95 ಅದನ್ನು ಮನೆಮನೆಗೆ ಮುಟ್ಟಿಸಿತು. ಜನ 'ಪ್ಲಗ್ ಅಂಡ್ ಪ್ರೇ' ಎಂದು ಆಡಿಕೊಂಡರು, ಚುಚ್ಚಿ ದೇವರಿಗೆ ಕೈಮುಗಿ ಅಂತ. 1998ರ ಏಪ್ರಿಲ್ 20ರಂದು ಚಿಕಾಗೋದ ಕಾಮ್‌ಡೆಕ್ಸ್‌ನಲ್ಲಿ ಬಿಲ್ ಗೇಟ್ಸ್ ಪಕ್ಕದಲ್ಲೇ ನಿಂತಿದ್ದಾಗ, ವಿಂಡೋಸ್ 98ಕ್ಕೆ ಸ್ಕ್ಯಾನರ್ ಚುಚ್ಚಿದ ತಕ್ಷಣ ಪರದೆ ನೀಲಿಯಾದದ್ದು ನಿಮಗೂ ಗೊತ್ತಿರಬಹುದು.

ಆದರೆ ಹೆಸರು ಹೇಳಿದರೆ ಸಾಲದು, ಅದರ ಭಾಷೆ ಬಲ್ಲವರೂ ಬೇಕಲ್ಲ? ಆ ದುಭಾಷಿಯೇ ಡ್ರೈವರ್. ದುಭಾಷಿ ಇಲ್ಲದಿದ್ದರೆ ಡಿವೈಸ್ ಮ್ಯಾನೇಜರಿನಲ್ಲಿ ಹಳದಿ ಗುರುತು. 2001ರ ವಿಂಡೋಸ್ ಎಕ್ಸ್‌ಪಿಗೆ ಆಮೇಲೆ ಬಂದ ಎಷ್ಟೋ ಸಾಟಾ ಕಂಟ್ರೋಲರುಗಳ ಭಾಷೆ ಬರುತ್ತಿರಲಿಲ್ಲ. ಇನ್‌ಸ್ಟಾಲ್ ಶುರುವಾಗುವಾಗ ಎಫ್6 ಒತ್ತಿ ಡ್ರೈವರನ್ನು ಫ್ಲಾಪಿಯಿಂದಲೇ ಕೊಡಬೇಕು. ಹೊಸ ಕಂಪ್ಯೂಟರಿನಲ್ಲಿ ಫ್ಲಾಪಿ ಡ್ರೈವೇ ಇಲ್ಲ! ಮಾವ ಅದಕ್ಕೆಂದೇ ಒಂದು ಫ್ಲಾಪಿ ಡ್ರೈವನ್ನು ಬ್ಯಾಗಿನಲ್ಲಿಟ್ಟುಕೊಂಡು ಓಡಾಡುತ್ತಿದ್ದರಂತೆ.

ನಕ್ಕೆ. ಹತ್ತು ನಿಮಿಷ ಕಳೆದಿರಲಿಲ್ಲ, ನನ್ನ ಕಂಪ್ಯೂಟರಿನ ವಿಂಡೋಸ್ 11 ಇಂಟರ್‌ನೆಟ್ ಕೊಡು, ಇಲ್ಲದಿದ್ದರೆ ಮುಂದೆ ಹೋಗಲ್ಲ ಎಂದು ಕೂತಿತು. ಮದರ್‌ಬೋರ್ಡಿನ ಲ್ಯಾನ್ ಚಿಪ್ ಹೊಸದು, ಅದರ ಡ್ರೈವರ್ ವಿಂಡೋಸಿನೊಳಗೆ ಇಲ್ಲ. ಡ್ರೈವರ್ ಇರುವುದು ಇಂಟರ್‌ನೆಟ್‌ನಲ್ಲಿ! ಕೊನೆಗೆ ಮೊಬೈಲನ್ನು ಯುಎಸ್‌ಬಿ ಕೇಬಲ್ಲಿನಲ್ಲಿ ಸಿಕ್ಕಿಸಿ ಟೆದರಿಂಗ್ ಆನ್ ಮಾಡಿದೆ. ಆ ಡ್ರೈವರ್ ವಿಂಡೋಸಿನಲ್ಲೇ ಇದೆ, ಕೆಲಸ ಆಯಿತು. "ನಿನ್ನ ಮೊಬೈಲೇ ನನ್ನ ಫ್ಲಾಪಿ" ಅಂದರು ಮಾವ.

ಹಳದಿ ಗುರುತೆಲ್ಲ ಹೋದ ಮೇಲೆ ಅಪ್ಪನನ್ನು ಕರೆದು ಪೆನ್ ಡ್ರೈವ್ ಹಾಕಿ ಅಜ್ಜಿಯ ಫೈಲ್ ತೆರೆದೆ. ಪರದೆ ತುಂಬ ಇಂಗ್ಲಿಷ್ ಅಕ್ಷರಗಳು, ತಲೆ ಮೇಲೆ ಚುಕ್ಕಿ, ಗೀಟು. ಅಪ್ಪ ಮಾತಾಡಲಿಲ್ಲ, ಕನ್ನಡಕ ತೆಗೆದು ಒರೆಸಿಕೊಂಡರು.

ಕನ್ನಡವೂ ಒಂದು ಕಾಲಕ್ಕೆ ಹಾರ್ಡ್‌ವೇರ್ ಸಮಸ್ಯೆಯೇ ಆಗಿತ್ತು ಅಂದರೆ ನಂಬುತ್ತೀರಾ? ಐಐಟಿ ಕಾನ್ಪುರದಲ್ಲಿ ಶುರುವಾಗಿ ಪುಣೆಯ ಸಿ-ಡ್ಯಾಕ್ ಬೆಳೆಸಿದ ಜಿಸ್ಟ್ ಕಾರ್ಡನ್ನು ಪಿಸಿಯ ಸ್ಲಾಟಿಗೆ ಸಿಕ್ಕಿಸಿದರೆ ಪರದೆಯಲ್ಲಿ ಕನ್ನಡ ಮೂಡುತ್ತಿತ್ತು. ಆಮೇಲೆ ಬರಹ, ನುಡಿಯಂಥ ತಂತ್ರಾಂಶಗಳು ಬಂದು ಕಾರ್ಡಿನ ಹಂಗು ತಪ್ಪಿಸಿದವು. ಆದರೆ ಆಗಿನ ಆ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ್ದವು. ಫೈಲಿನೊಳಗಿನ ಅಕ್ಷರಕ್ಕೆ ತಾನು ಕನ್ನಡ ಎಂದು ಹೇಳುವ ಬಾಯಿಯಿಲ್ಲ, ಮಾವನ ಜಂಪರ್ ಕಾರ್ಡಿನ ಹಾಗೆಯೇ. ಫಾಂಟ್ ಗೊತ್ತಿದ್ದವನೇ ಹೇಳಬೇಕು. ಯೂನಿಕೋಡಿನಲ್ಲಿ 1991ರಿಂದಲೇ ಕನ್ನಡಕ್ಕೆ ಸ್ವಂತ ಜಾಗವಿತ್ತು. ವಿಂಡೋಸಿಗೆ ಅದು ಬಂದದ್ದು 2001ರ ಎಕ್ಸ್‌ಪಿಯಲ್ಲಿ, ತುಂಗಾ ಫಾಂಟಿನ ಜೊತೆ. ಅಲ್ಲೂ ಸಿಡಿ ಹಾಕಿ ಕಾಂಪ್ಲೆಕ್ಸ್ ಸ್ಕ್ರಿಪ್ಟ್ ಫೈಲುಗಳನ್ನು ಸೇರಿಸದಿದ್ದರೆ ಒತ್ತಕ್ಷರ ಮುರಿದು ಬೀಳುತ್ತಿತ್ತು.

"ನುಡಿಯಲ್ಲಿ ಬರೆದದ್ದು ಕಣೋ" ಎಂದು ಅಪ್ಪ ನೆನಪಿಸಿಕೊಂಡರು. ಹಳೇ ಫಾಂಟ್ ಹಾಕಿದೆ. ಇಂಗ್ಲಿಷ್ ಕರಗಿ ಕನ್ನಡ ಎದ್ದು ಬಂತು. ಆಮೇಲೆ ಎಲ್ಲವನ್ನೂ ಯೂನಿಕೋಡಿಗೆ ಪರಿವರ್ತಿಸಿದೆ. ಅಲ್ಲಲ್ಲಿ ಅರ್ಕಾವತ್ತು ತಪ್ಪಿದೆ, ಕೆಲವು ಕಡೆ ದೀರ್ಘ ಹಾರಿಹೋಗಿದೆ. ಅಪ್ಪ ದಿನಾ ಬೆಳಿಗ್ಗೆ ಕೂತು ತಿದ್ದುತ್ತಿದ್ದಾರೆ, ಹನ್ನೊಂದು ಪುಟ ಆಗಿದೆ. ಸ್ಪೀಕರ್ ಮಾತ್ರ ಇನ್ನೂ ಮಾತಾಡುತ್ತಿಲ್ಲ. ಅಪ್ಪನಿಗೆ ಅದು ಬೇಕಿಲ್ಲವಂತೆ.