ಬಹು ಹೋಸ್ಟ್‌ಗಳ ನಡುವೆ ಮೆಮೊರಿ ಹಂಚಿಕೆ: ಇತಿಹಾಸ

ಪ್ರತ್ಯೇಕ ಆಪರೇಟಿಂಗ್ ಸಿಸ್ಟಮ್ ನಡೆಸುವ ಹಲವು ಕಂಪ್ಯೂಟರುಗಳು, ಅಂದರೆ ಹೋಸ್ಟ್‌ಗಳು, ಒಂದೇ ಮೆಮೊರಿಯನ್ನು ಬಳಸುವಂತೆ ಮಾಡುವ ವಿಧಾನಗಳು. ಕನ್ನಡದ ‘ಹಂಚಿಕೆ’ಗೆ ಎರಡು ಅರ್ಥಗಳಿವೆ. ಹೊಲ ಅಳೆದು ಅಣ್ಣತಮ್ಮಂದಿರಿಗೆ ಬಿಟ್ಟುಕೊಡುವುದೂ ಹಂಚಿಕೆ, ಒಂದೇ ಬಾವಿಯಲ್ಲಿ ಎಲ್ಲರೂ ನೀರು ಸೇದುವುದೂ ಹಂಚಿಕೆ. ಈ ವಿಷಯದ ತಾಂತ್ರಿಕ ಬರಹಗಳಲ್ಲೂ ಇವೆರಡು ಬೆರೆತುಹೋಗಿವೆ. ಹಾಗಾಗಿ ಇಲ್ಲಿ ಮೊದಲನೆಯದನ್ನು ‘ಪಾಲು’ ಎಂದೂ ಎರಡನೆಯದನ್ನು ‘ಜಂಟಿ’ ಎಂದೂ ಕರೆಯಲಾಗಿದೆ.

ಒಂದೇ ಯಂತ್ರದೊಳಗಿನ ಪ್ರೊಸೆಸರುಗಳ ಜಂಟಿ ಮೆಮೊರಿ ಹಳೆಯ ಸಂಗತಿ. 1970ರ ದಶಕದಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಿ.ಎಂಎಂಪಿ 16 ಪಿಡಿಪಿ-11 ಪ್ರೊಸೆಸರುಗಳನ್ನು ಒಂದೇ ಮೆಮೊರಿಗೆ ಜೋಡಿಸಿತ್ತು. ನೆಟ್‌ವರ್ಕಿನಾಚೆಗಿನ ಯಂತ್ರಗಳ ವಿಷಯಕ್ಕೆ ಬಂದರೆ ‘ಯಾರು ಮೊದಲು’ ಎಂಬ ಪ್ರಶ್ನೆ ಏಳುತ್ತದೆ.

ಪಠ್ಯಪುಸ್ತಕಗಳು ಸಾಮಾನ್ಯವಾಗಿ ಕಾಯ್ ಲಿ ಅವರಿಂದ ಆರಂಭಿಸುತ್ತವೆ. ಯೇಲ್ ವಿಶ್ವವಿದ್ಯಾಲಯಕ್ಕೆ 1986ರಲ್ಲಿ ಸಲ್ಲಿಸಿದ ಪಿಎಚ್.ಡಿ. ಪ್ರಬಂಧದಲ್ಲಿ, ಪಾಲ್ ಹುಡಾಕ್ ಜೊತೆ ಬರೆದ ಲೇಖನಗಳಲ್ಲಿ ಅವರು ಐವಿ ಎಂಬ ವ್ಯವಸ್ಥೆಯನ್ನು ವಿವರಿಸಿದರು. ಆದರೆ ಐವಿ ಓಡಿದ್ದು ಅಪೋಲೊ ಕಂಪನಿಯ ವರ್ಕ್‌ಸ್ಟೇಷನ್‌ಗಳ ಮೇಲೆ. ಅಪೋಲೊದ ಡೊಮೇನ್ ವ್ಯವಸ್ಥೆಯಲ್ಲಿ ಬೇರೆ ಯಂತ್ರದ ಫೈಲನ್ನು ನೆಟ್‌ವರ್ಕಿನ ಮೂಲಕ ತನ್ನದೇ ವಿಳಾಸವಲಯಕ್ಕೆ ತಂದುಕೊಳ್ಳುವ ಸೌಲಭ್ಯ ಅದಾಗಲೇ ಇತ್ತು. ಹಾಗೆಂದು ಲಿ ಅವರ ಶ್ರೇಯಸ್ಸು ಕುಗ್ಗುವುದಿಲ್ಲ. ಡೊಮೇನ್‌ನಲ್ಲಿ ಇಬ್ಬರು ಒಂದೇ ಕಡೆ ಬರೆಯದಂತೆ ನೋಡಿಕೊಳ್ಳಲು ಇಡೀ ಫೈಲಿಗೆ ಬೀಗ ಹಾಕಬೇಕಿತ್ತು. ಐವಿಯಲ್ಲಿ ಆ ಕೆಲಸ ಪ್ರೋಗ್ರಾಂ ಬರೆದವರಿಗೆ ತಿಳಿಯದಂತೆ, ಪುಟಪುಟವಾಗಿ (ಪುಟವೆಂದರೆ ನಿಗದಿತ ಗಾತ್ರದ ಮೆಮೊರಿ ತುಂಡು), ತಾನಾಗಿ ನಡೆಯುತ್ತಿತ್ತು. ಒಂದು ಯಂತ್ರ ಬರೆಯಹೊರಟರೆ ಉಳಿದ ಯಂತ್ರಗಳಲ್ಲಿರುವ ಆ ಪುಟದ ಪ್ರತಿಗಳೆಲ್ಲ ರದ್ದಾಗಬೇಕು. ಆ ಯಂತ್ರಗಳು ಮತ್ತೆ ಓದಹೋದಾಗ ಪುಟ ತಮ್ಮಲ್ಲಿಲ್ಲವೆಂಬ ಸೂಚನೆ (ಪೇಜ್ ಫಾಲ್ಟ್) ಉಂಟಾಗಿ ಹೊಸ ಪ್ರತಿ ತರಿಸಿಕೊಳ್ಳುತ್ತವೆ. ಐವಿಯ ಪುಟದ ಗಾತ್ರ 1 ಕಿಲೋಬೈಟ್.

ತೊಡಕು ಹುಟ್ಟಿದ್ದೂ ಈ ಪುಟದಿಂದಲೇ. ಪುಟದ ಮೊದಲ ಸಾಲಿನ ಲೆಕ್ಕ ಒಂದು ಯಂತ್ರದ್ದು, ಕೊನೆಯ ಸಾಲಿನದು ಇನ್ನೊಂದರದು ಎಂದುಕೊಳ್ಳಿ. ಒಬ್ಬರ ಲೆಕ್ಕಕ್ಕೂ ಇನ್ನೊಬ್ಬರದಕ್ಕೂ ಸಂಬಂಧವೇ ಇಲ್ಲ. ಆದರೂ ಪ್ರತಿ ಸಲ ಬರೆದಾಗ ಇಡೀ ಪುಟ ತಂತಿಯ ಮೇಲೆ ಅತ್ತಿಂದಿತ್ತ ಓಡಾಡುತ್ತದೆ. ಇದಕ್ಕೆ ಹುಸಿ ಹಂಚಿಕೆ ಎಂದು ಹೆಸರು. ಲೆಸ್ಲಿ ಲ್ಯಾಂಪೋರ್ಟ್ 1979ರಲ್ಲಿ ಹೇಳಿದ, ಓದು-ಬರಹಗಳು ಎಲ್ಲರಿಗೂ ಒಂದೇ ಅನುಕ್ರಮದಲ್ಲಿ ಕಾಣಬೇಕೆಂಬ ಕಟ್ಟುನಿಟ್ಟಿನ ನಿಯಮವನ್ನು ಸಡಿಲಿಸದೆ ಇದಕ್ಕೆ ಪರಿಹಾರ ಸುಲಭವಿರಲಿಲ್ಲ. ಸ್ಟ್ಯಾನ್‌ಫರ್ಡ್‌ನ ಸಂಶೋಧಕರು 1990ರಲ್ಲಿ ಮುಂದಿಟ್ಟ ಸಡಿಲ ನಿಯಮದ ಪ್ರಕಾರ, ಬೀಗ ಬಿಡುವವರೆಗೆ ಬದಲಾವಣೆಯನ್ನು ಇತರರಿಗೆ ತಿಳಿಸಬೇಕಾಗಿಲ್ಲ. ರೈಸ್ ವಿಶ್ವವಿದ್ಯಾಲಯದ ಮ್ಯೂನಿನ್ ಮತ್ತು ಟ್ರೆಡ್‌ಮಾರ್ಕ್ಸ್ ಇದನ್ನು ಜಾಣತನದಿಂದ ಬಳಸಿದವು. ಬರೆಯುವ ಮೊದಲು ಪುಟದ ಒಂದು ನಕಲು ತೆಗೆದಿಟ್ಟು, ಆಮೇಲೆ ಎರಡನ್ನೂ ಪದಪದವಾಗಿ ಹೋಲಿಸಿ, ಬದಲಾದಷ್ಟನ್ನೇ ಕಳಿಸುವುದು ಆ ಉಪಾಯ. ಇಬ್ಬರು ಒಂದೇ ಪುಟದಲ್ಲಿ ಬರೆದರೂ ಕೊನೆಗೆ ಎರಡೂ ತಿದ್ದುಪಡಿಗಳನ್ನು ಕೂಡಿಸಬಹುದಿತ್ತು. ಆದರೂ ಕ್ಲಸ್ಟರುಗಳಲ್ಲಿ ಗೆದ್ದದ್ದು ಎಂಪಿಐ, ಅಂದರೆ ಸಂದೇಶ ಕಳಿಸಿ ಕೆಲಸ ಮಾಡಿಸುವ ಪದ್ಧತಿ.

ಇದೇ ಹೊತ್ತಿಗೆ, 1994ರಲ್ಲಿ, ಐಬಿಎಂ ತನ್ನ ಮೇನ್‌ಫ್ರೇಮ್‌ಗಳಿಗೆ ಪ್ಯಾರಲಲ್ ಸಿಸ್‌ಪ್ಲೆಕ್ಸ್ ತಂದಿತು. ಅದರ ಕಪ್ಲಿಂಗ್ ಫೆಸಿಲಿಟಿ ಬೀಗಗಳು, ಕ್ಯಾಶ್, ಪಟ್ಟಿಗಳನ್ನು ತನ್ನ ಮೆಮೊರಿಯಲ್ಲಿಟ್ಟುಕೊಂಡು ಹಲವು ಹೋಸ್ಟ್‌ಗಳಿಗೆ ಒದಗಿಸುತ್ತದೆ. ಸಂಶೋಧನಾ ಸಮೀಕ್ಷೆಗಳು ಇದನ್ನು ಹೆಚ್ಚಾಗಿ ಹೊರಗಿಡುತ್ತವೆ. ಅಲ್ಲಿ ಮೆಮೊರಿಯನ್ನು ನೇರವಾಗಿ ಓದಿ ಬರೆಯುವಂತಿಲ್ಲ, ಆಜ್ಞೆ ಕಳಿಸಬೇಕು ಎಂಬುದು ಕಾರಣವಿರಬಹುದು. ಪ್ರಯೋಗಾಲಯದಾಚೆ ದಿನನಿತ್ಯ ದುಡಿದ ಜಂಟಿ ಮೆಮೊರಿಯನ್ನು ಇತಿಹಾಸದಿಂದ ಬಿಡಲು ಅದು ಸಾಲದು.

2009ರಲ್ಲಿ ಕೆವಿನ್ ಲಿಮ್ ಮತ್ತಿತರರು ಮೆಮೊರಿಯನ್ನೇ ಸರ್ವರಿನಿಂದ ಬಿಡಿಸಿ ಪ್ರತ್ಯೇಕ ಘಟಕವಾಗಿಡುವ ವಿನ್ಯಾಸ ಪ್ರಕಟಿಸಿದರು. ಇನ್ಫಿನಿಸ್ವಾಪ್ (2017) ನೆಟ್‌ವರ್ಕಿನ ಮೂಲಕ ಇತರ ಸರ್ವರುಗಳ ಖಾಲಿ ಮೆಮೊರಿಯನ್ನು ಬಳಸಿತು, ಲೆಗೊಒಎಸ್ (2018) ಮೆಮೊರಿಯನ್ನು ಪ್ರತ್ಯೇಕ ಘಟಕವಾಗಿಡುವ ದಾರಿ ಹಿಡಿಯಿತು. ಆದರೆ ಪಕ್ಕದ ಮೆಮೊರಿ ಸುಮಾರು 100 ನ್ಯಾನೊಸೆಕೆಂಡಿನಲ್ಲಿ ಉತ್ತರಿಸಿದರೆ, ನೆಟ್‌ವರ್ಕಿನಾಚೆಯದು ಮೈಕ್ರೊಸೆಕೆಂಡುಗಳನ್ನು ತೆಗೆದುಕೊಳ್ಳುತ್ತಿತ್ತು.

ಈ ಅಂತರವನ್ನು ಕಿರಿದುಗೊಳಿಸಲು ಬಂದದ್ದು ಪ್ರೊಸೆಸರುಗಳನ್ನು ಮೆಮೊರಿ ಮುಂತಾದ ಸಾಧನಗಳಿಗೆ ಜೋಡಿಸುವ 2019ರ ಸಿಎಕ್ಸ್‌ಎಲ್ ಮಾನದಂಡ. ಹೆಚ್ಚಿನ ಗೊಂದಲ ಇರುವುದೂ ಇಲ್ಲೇ. 2020ರ 2.0 ಆವೃತ್ತಿ ಕೊಟ್ಟದ್ದು ಪಾಲು ಮಾತ್ರ: ಒಂದು ಮೆಮೊರಿ ಸಾಧನವನ್ನು 16 ಭಾಗಗಳವರೆಗೆ ಒಡೆದು ಬೇರೆ ಬೇರೆ ಹೋಸ್ಟ್‌ಗಳಿಗೆ ಕೊಡಬಹುದು, ಆದರೆ ಒಂದು ಭಾಗಕ್ಕೆ ಒಂದು ಕಾಲಕ್ಕೆ ಒಬ್ಬನೇ ಒಡೆಯ. ಜಂಟಿ ಬಳಕೆಯನ್ನು ಹಾರ್ಡ್‌ವೇರೇ ಕಾಯುವ ವ್ಯವಸ್ಥೆ ಬಂದದ್ದು ಆಗಸ್ಟ್ 2022ರ 3.0ರಲ್ಲಿ. ಅಲ್ಲಿ ಮೆಮೊರಿ ಸಾಧನವೇ ಹೋಸ್ಟ್‌ಗಳಿಗೆ ‘ನಿಮ್ಮ ಪ್ರತಿ ಬಿಟ್ಟುಬಿಡಿ’ ಎಂದು ಸೂಚಿಸಬಲ್ಲದು. ಲಿ ಅವರ ರದ್ದತಿಯ ಉಪಾಯವೇ ಇದು, ಪುಟದ ಬದಲು ಅದಕ್ಕಿಂತ ಬಹಳ ಚಿಕ್ಕ ತುಂಡಾದ ಕ್ಯಾಶ್ ಸಾಲಿನ ಮಟ್ಟದಲ್ಲಿ.

ದಕ್ಷತೆಯ ಬಗ್ಗೆ ಒಮ್ಮತವಿಲ್ಲ. ಮೈಕ್ರೊಸಾಫ್ಟ್‌ನ ಅಜೂರ್ ಕ್ಲೌಡನ್ನು ಅಧ್ಯಯನ ಮಾಡಿದ ಪಾಂಡ್ ಪ್ರಬಂಧದ (2023) ಪ್ರಕಾರ, ಪ್ರೊಸೆಸರ್ ಕೋರ್‌ಗಳೆಲ್ಲ ಬಾಡಿಗೆಗೆ ಹೋದ ಸರ್ವರುಗಳಲ್ಲಿ ಮೆಮೊರಿ ಕೆಲಸಕ್ಕೆ ಬಾರದೆ ಉಳಿಯುತ್ತದೆ, ಇಂಥದ್ದು ಶೇ. 25ರವರೆಗೂ ಹೋಗುತ್ತದೆ. 8ರಿಂದ 16 ಪ್ರೊಸೆಸರ್ ಸಾಕೆಟ್‌ಗಳ ನಡುವೆ ಮೆಮೊರಿಯ ಸಣ್ಣ ಕೊಳ (ಪೂಲ್) ಕಟ್ಟಿ, 1 ಗಿಗಾಬೈಟ್ ತುಂಡುಗಳಾಗಿ ಕೊಟ್ಟು ತೆಗೆದುಕೊಂಡರೆ ಡಿರ್‍ಯಾಮ್ ವೆಚ್ಚ ಶೇ. 7ರಷ್ಟು ಇಳಿಯುತ್ತದೆ ಎಂದು ಅದು ಲೆಕ್ಕ ಹಾಕಿತು. ಅದೇ ವರ್ಷ ಗೂಗಲ್‌ನ ಫಿಲಿಪ್ ಲೆವಿಸ್, ಕುನ್ ಲಿನ್, ಏಮಿ ತಾಯ್ ಇದಕ್ಕೆ ಎದುರಾಗಿ ಬರೆದರು. ಹೊಸ ಸಾಧನಗಳ ಖರ್ಚೇ ಉಳಿತಾಯವನ್ನು ನುಂಗುತ್ತದೆ, ಸಾಫ್ಟ್‌ವೇರ್ ಜಟಿಲವಾಗುತ್ತದೆ, ದೊಡ್ಡ ಸರ್ವರಿನಲ್ಲಿ ಸಣ್ಣ ವರ್ಚುಯಲ್ ಯಂತ್ರಗಳನ್ನು ಜೋಡಿಸಿಟ್ಟರೆ ಪೋಲಾಗುವ ಮೆಮೊರಿಯೇ ಕಡಿಮೆ ಎಂಬುದು ಅವರ ವಾದ. ಎರಡೂ ಪ್ರಬಂಧಗಳ ಚರ್ಚೆ ಪಾಲಿನ ಕುರಿತದ್ದು. ಅವನ್ನು ಜಂಟಿ ಮೆಮೊರಿಯ ಪರವಾಗಿಯೋ ವಿರುದ್ಧವಾಗಿಯೋ ಸಾಕ್ಷಿಗೆ ಕರೆಯುವುದು ಸಲ್ಲದು.