ಮೈಸೂರಿನ ಯುದ್ಧಗಳೂ ಅಂದಿನ ವೃತ್ತಪತ್ರಿಕೆಗಳೂ

ನಮ್ಮ ಗಡಿನಾಡಿನ ಸ್ಥಳೀಯ ಚರಿತ್ರೆಯನ್ನು ಬರೆಯಹೊರಡುವವರು ಹೈದರ್-ಟಿಪ್ಪುಗಳ ಕಾಲಕ್ಕೆ ಬಂದೊಡನೆ ಒಂದು ತೊಡಕಿಗೆ ಸಿಲುಕುತ್ತಾರೆ. ಬೇಕಲದ ಕೋಟೆ ಕಣ್ಣೆದುರಿಗಿದೆ; ಟಿಪ್ಪುವಿನ ಹೆಸರು ಹೊತ್ತ ಐತಿಹ್ಯಗಳು ಊರೂರಿನಲ್ಲಿವೆ. ಆದರೆ ತಿಥಿಮಿತಿಯೊಡನೆ ಸಂಗತಿಗಳನ್ನು ಹೇಳುವ ಕಾಗದ ಬೇಕೆಂದರೆ ಕೈಗೆ ಸಿಗುವುದು ಹೆಚ್ಚಾಗಿ ಆಂಗ್ಲರ ಬರಹ. ಅದರಲ್ಲಿ ಅಂದಿನ ವೃತ್ತಪತ್ರಿಕೆಗಳೂ ಸೇರಿವೆ. 'ಅಚ್ಚಾದ ಮಾತು, ಅದೂ ಆ ಕಾಲದ್ದೇ' ಎಂಬ ಗೌರವದಿಂದ ಅವುಗಳನ್ನು ಹಾಗೆಯೇ ಎತ್ತಿಕೊಳ್ಳುವುದುಂಟು. ಆ ಪತ್ರಿಕೆಗಳಿಗೆ ಸುದ್ದಿ ಬರುತ್ತಿದ್ದ ದಾರಿ ಯಾವುದು, ಬರೆಯುತ್ತಿದ್ದವರು ಯಾರು ಎಂಬುದನ್ನು ವಿಚಾರಿಸದೆ ಅವುಗಳನ್ನು ಸಾಕ್ಷಿಗೆ ಕರೆಯುವುದು ಸಲ್ಲದೆಂದು ನಮ್ಮ ಅಭಿಪ್ರಾಯ.

ಭಾರತದ ಮೊದಲ ವೃತ್ತಪತ್ರಿಕೆಯಾದ ಹಿಕ್ಕಿಯ 'ಬೆಂಗಾಲ್ ಗೆಜೆಟ್' ಕಲ್ಕತ್ತೆಯಲ್ಲಿ ಹೊರಬಂದುದು 1780ರ ಜನವರಿ 29ರಂದು. ಅದೇ ವರ್ಷ ಸೆಪ್ಟೆಂಬರ್ 10ರಂದು ಪೊಲ್ಲಿಲೂರಿನಲ್ಲಿ ಕರ್ನಲ್ ಬೇಲಿಯ ಸೈನ್ಯ ಹೈದರನ ಕೈಯಲ್ಲಿ ನುಚ್ಚುನೂರಾಯಿತು. ಹೀಗೆ ನಮ್ಮ ದೇಶದ ಪತ್ರಿಕೋದ್ಯಮವೂ ಮೈಸೂರಿನ ಎರಡನೆಯ ಯುದ್ಧವೂ ಒಂದೇ ವರ್ಷದ ಕೂಸುಗಳು. ಹಿಕ್ಕಿ ಕುಂಪಣಿಯ ಆಡಳಿತವನ್ನು ಮುಲಾಜಿಲ್ಲದೆ ಟೀಕಿಸಿದವನು. ಗವರ್ನರ್ ಜನರಲ್ ಹೇಸ್ಟಿಂಗ್ಸನನ್ನು ಕೆಣಕಿ 1781ರಲ್ಲಿ ಸೆರೆಮನೆ ಸೇರಿದನು, 1782ರಲ್ಲಿ ಅವನ ಅಚ್ಚುಮೊಳೆಗಳೂ ಜಪ್ತಿಯಾದವು. ಯುದ್ಧ ಮಾತ್ರ ಮುಂದುವರಿಯಿತು. 1783ರ ಮೇ ತಿಂಗಳಿಂದ 1784ರ ಜನವರಿಯವರೆಗೆ ಟಿಪ್ಪು ಮಂಗಳೂರಿನ ಕೋಟೆಯನ್ನು ಮುತ್ತಿದ್ದಾಗ ಮದರಾಸಿನಲ್ಲಾಗಲಿ ಮುಂಬಯಿಯಲ್ಲಾಗಲಿ ಒಂದು ಪತ್ರಿಕೆಯೂ ಇರಲಿಲ್ಲ. 'ಮದ್ರಾಸ್ ಕೊರಿಯರ್' ಆರಂಭವಾದುದು 1785ರಲ್ಲಿ. ಸರಕಾರದ ಬೆಂಬಲ ಪಡೆದ 'ಕ್ಯಾಲ್ಕಟ್ಟಾ ಗೆಜೆಟ್' ಹುಟ್ಟಿದ್ದು 1784ರ ಮಾರ್ಚ್ 4ರಂದು, ಎಂದರೆ ಮಂಗಳೂರಿನ ಒಪ್ಪಂದಕ್ಕೆ ಸರಿಯಾಗಿ ಒಂದು ವಾರ ಮುಂಚೆ. ನಮ್ಮ ಕರಾವಳಿಯ ಅತಿ ದೊಡ್ಡ ಮುತ್ತಿಗೆಯನ್ನು ಕಣ್ಣಾರೆ ಕಂಡು ಬರೆದ ಪತ್ರಿಕೆಯನ್ನು ಹುಡುಕಿ ಫಲವಿಲ್ಲ.

ಲಂಡನ್ನಿನ ಪತ್ರಿಕೆಗಳ ಕಷ್ಟ ಇನ್ನೊಂದು ತೆರದ್ದು. ಸುದ್ದಿ ಗುಡ್‌ಹೋಪ್ ಭೂಶಿರವನ್ನು ಸುತ್ತಿಕೊಂಡು ಹಡಗಿನಲ್ಲಿ ಹೋಗಬೇಕು. ಆರೇಳು ತಿಂಗಳು ಹಿಡಿಯುವುದು ಸಾಮಾನ್ಯ. ಅಮೆರಿಕೆಯ ಯಾರ್ಕ್‌ಟೌನಿನಲ್ಲಿ 1781ರಲ್ಲಿ ವಾಷಿಂಗ್ಟನ್ನನಿಗೆ ಶರಣಾದ ಕಾರ್ನ್‌ವಾಲಿಸನೇ ಗವರ್ನರ್ ಜನರಲ್ಲನಾಗಿ ಬಂದು, 1791ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಬಾಗಿಲವರೆಗೆ ಹೋಗಿ, ಮಳೆಗೂ ಹಸಿವಿಗೂ ಸೋತು ಹಿಂದೆಗೆದನಷ್ಟೆ. ಅದನ್ನು ಲೇವಡಿ ಮಾಡಿ ಗಿಲ್ರೇ ಎಂಬ ಚಿತ್ರಕಾರ ಲಂಡನ್ನಿನಲ್ಲಿ ವ್ಯಂಗ್ಯಚಿತ್ರ ಪ್ರಕಟಿಸಿದ್ದು ಡಿಸೆಂಬರಿನಲ್ಲಿ. ಅಲ್ಲಿಯ ಜನ ನಗುತ್ತಿದ್ದ ಹೊತ್ತಿಗೆ ಇಲ್ಲಿ ಮತ್ತೊಂದು ದಂಡಯಾತ್ರೆಯ ಸಿದ್ಧತೆ ನಡೆದಿತ್ತು.

ಇದಕ್ಕೆ ಎದುರಾಗಿ ಮೈಸೂರಿನ ಅಂಚೆಯನ್ನು ನೋಡಬೇಕು. 1782ರ ಡಿಸೆಂಬರ್ 7ರಂದು ಚಿತ್ತೂರಿನ ಬಳಿ ಹೈದರನು ತೀರಿಕೊಂಡಾಗ ಮರಣವಾರ್ತೆಯನ್ನು ಸೈನ್ಯದಿಂದ ಬಚ್ಚಿಟ್ಟರು. ಆದರೆ ಮಲಬಾರಿನ ಪೊನ್ನಾನಿಯ ಬಳಿ ಇದ್ದ ಟಿಪ್ಪುವಿಗೆ ಅದು 11ರಂದೇ ಮುಟ್ಟಿತ್ತು. ನಮ್ಮವರಿಗೆ ಸುದ್ದಿಯ ವೇಗ ತಿಳಿಯದೆ ಇರಲಿಲ್ಲ. ಅದನ್ನು ಅಚ್ಚುಹಾಕಿ ಊರಿಗೆಲ್ಲ ಹಂಚುವ ರೂಢಿ ಇರಲಿಲ್ಲ, ಅಷ್ಟೆ. ರಾಜನಿಗೆ ಸುದ್ದಿಯೆಂದರೆ ಗುಟ್ಟು.

ದೂರದ ಅಮೆರಿಕೆಯಲ್ಲಿ ಇದೇ ಯುದ್ಧಕ್ಕೆ ಬೇರೆ ಅರ್ಥ ಬಂದಿತ್ತು. ಆಂಗ್ಲರ ವಿರುದ್ಧ ತಮ್ಮಂತೆಯೇ ಹೋರಾಡುವ ಅರಸನೊಬ್ಬ ಪೂರ್ವದಲ್ಲಿದ್ದಾನೆಂಬ ವಾರ್ತೆ ಅಲ್ಲಿಯವರಿಗೆ ಪ್ರಿಯವಾಯಿತು. ಪೆನ್ಸಿಲ್ವೇನಿಯದವರು ತಮ್ಮ ಯುದ್ಧನೌಕೆಯೊಂದಕ್ಕೆ 'ಹೈದರ್ ಆಲಿ' ಎಂದೇ ಹೆಸರಿಟ್ಟರು. 1782ರ ಏಪ್ರಿಲ್ 8ರಂದು ಅದು ಡೆಲವೇರ್ ಕೊಲ್ಲಿಯಲ್ಲಿ 'ಜನರಲ್ ಮಂಕ್' ಎಂಬ ಆಂಗ್ಲ ನೌಕೆಯನ್ನು ಹಿಡಿಯಿತು. ಫ್ರೆನೋ ಎಂಬ ಕವಿ ಆ ಹಡಗನ್ನು ಕುರಿತು ಪದ್ಯ ಕಟ್ಟಿದನು. ಹೈದರನು ಬದುಕಿದ್ದಾಗಲೇ ನಡೆದ ಸಂಗತಿಯಿದು.

ಆಂಗ್ಲರ ಅಚ್ಚುಮನೆ ಯಾವಾಗಲೂ ಒಂದೇ ಬಾಯಿಂದ ಮಾತಾಡಿತೆಂದು ಹೇಳಿದರೆ ಅನ್ಯಾಯವಾದೀತು. 1783ರಲ್ಲಿ ಜನರಲ್ ಮ್ಯಾಥ್ಯೂಸನ ಸೈನ್ಯ ಬಿದನೂರು ಸೀಮೆಯ ಅನಂತಪುರದಲ್ಲಿ, ಎಂದರೆ ಇಂದಿನ ಆನಂದಪುರದಲ್ಲಿ, ಹೆಂಗಸರನ್ನೂ ಬಿಡದೆ ಕೊಂದಿತೆಂಬ ವೃತ್ತಾಂತ, ಒಬ್ಬ ಕಿರಿಯ ಅಧಿಕಾರಿಯ ಪತ್ರದ ಆಧಾರದಿಂದ, ಲಂಡನ್ನಿನ 'ಆ್ಯನುಅಲ್ ರಿಜಿಸ್ಟರ್' ಎಂಬ ವಾರ್ಷಿಕ ಸಂಗ್ರಹದಲ್ಲೇ ಅಚ್ಚಾಯಿತು. ಮುಂಬಯಿ ಸೈನ್ಯದ ಅಧಿಕಾರಿಗಳು ಅದನ್ನು ಸುಳ್ಳೆಂದು ಪ್ರತಿಭಟಿಸಿದರು. ಎರಡನ್ನೂ ಎದುರುಬದುರಾಗಿಟ್ಟು ಓದಬೇಕಲ್ಲದೆ, ನಮಗೆ ಹಿತವಾದುದೊಂದನ್ನೇ ಎತ್ತಿ ಪಾಠ ಹೇಳುವುದು ಉಪಾಧ್ಯಾಯರಿಗೆ ಭೂಷಣವಲ್ಲ.

ಪತ್ರಿಕೆಯೊಂದು ಯುದ್ಧವನ್ನು ವರದಿ ಮಾಡುವುದಿರಲಿ, ಯುದ್ಧಕ್ಕೆ ಕಾರಣವನ್ನೇ ಒದಗಿಸಿದ ಪ್ರಸಂಗ ನಮ್ಮ ಕಡಲತೀರಕ್ಕೆ ಸೇರಿದುದು. 1797ರ ಕೊನೆಯಲ್ಲಿ ಟಿಪ್ಪುವಿನ ರಾಯಭಾರಿಗಳು ಮಂಗಳೂರಿನಿಂದ ಹಡಗು ಹತ್ತಿ ಫ್ರೆಂಚರ ಮಾರಿಷಸ್ ದ್ವೀಪಕ್ಕೆ ಹೋದರು. ಕೆಲಸ ಗುಟ್ಟಾಗಿ ನಡೆಯಬೇಕೆಂಬುದು ಸುಲ್ತಾನನ ಅಪೇಕ್ಷೆ. ಅಲ್ಲಿಯ ಗವರ್ನರ್ ಮಲಾರ್ತಿಕನೋ 1798ರ ಜನವರಿ 30ರಂದು ಬಹಿರಂಗ ಘೋಷಣೆಯನ್ನೇ ಹೊರಡಿಸಿ, ಆಂಗ್ಲರನ್ನು ಭಾರತದಿಂದ ಅಟ್ಟಲು ಟಿಪ್ಪು ಫ್ರೆಂಚರ ನೆರವಿಗೆ ಕಾದಿದ್ದಾನೆ, ಬರುವವರು ಬನ್ನಿ ಎಂದು ಸಾರಿದನು. ಇಷ್ಟು ಡಂಗುರಕ್ಕೆ ದೊರೆತ ಜನ ನೂರರಷ್ಟು. ಏಪ್ರಿಲ್ ಕೊನೆಯಲ್ಲಿ ಅವರು ಮಂಗಳೂರಿನಲ್ಲಿ ಇಳಿದರು. ಜೂನ್ 8ರಂದು ಕಲ್ಕತ್ತೆಯ ಪತ್ರಿಕೆಯೊಂದರಲ್ಲಿ ಆ ಘೋಷಣೆ ಅಚ್ಚಾಯಿತು. ಆಗಷ್ಟೇ ಅಧಿಕಾರ ವಹಿಸಿಕೊಂಡಿದ್ದ ವೆಲ್ಲೆಸ್ಲಿ ಮೊದಲು ಅದನ್ನು ನಂಬಲು ಹಿಂಜರಿದನು. ಬೇರೆ ಕಡೆಗಳಿಂದ ದೃಢವಾದ ಮೇಲೆ, ಆಗಸ್ಟ್ 12ರ ತನ್ನ ದೀರ್ಘ ಟಿಪ್ಪಣಿಯಲ್ಲಿ ಟಿಪ್ಪುವಿನ ಮೇಲಣ ಯುದ್ಧಕ್ಕೆ ಅದನ್ನೇ ಮುಖ್ಯ ಆಧಾರವಾಗಿ ಹಿಡಿದನು. ನೂರು ಜನರಿಂದ ಮೈಸೂರಿನ ಬಲ ಎಷ್ಟು ಹೆಚ್ಚಿತೋ ಕಾಣೆವು; ಒಂದು ಹಾಳೆ ಕಾಗದದಿಂದ ಅದಕ್ಕಾದ ಕೇಡು ಅದಕ್ಕಿಂತ ಬಹಳ ಹೆಚ್ಚು.

ಪತ್ರಿಕೆಯಿಂದ ಇಷ್ಟು ಲಾಭ ಪಡೆದ ಪ್ರಭುವೇ ಅದರ ಬಾಯಿಗೆ ಬೀಗ ಜಡಿದನು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಅದೇ ಮೇ 13ರಂದು ಪತ್ರಿಕೆಗಳ ಮೇಲೆ ನಿಬಂಧನೆಗಳು ಹೊರಟವು. ಅಚ್ಚುಹಾಕುವವನು ತನ್ನ ಹೆಸರನ್ನು ಪತ್ರಿಕೆಯ ಕೆಳಗೆ ಹಾಕಬೇಕು, ಸರಕಾರದ ಕಾರ್ಯದರ್ಶಿ ನೋಡಿದ ಹೊರತು ಒಂದು ಸಂಚಿಕೆಯೂ ಹೊರಡಕೂಡದು, ಭಾನುವಾರ ಪ್ರಕಟಣೆಯೇ ಕೂಡದು. ತಪ್ಪಿದವನನ್ನು ಕೂಡಲೇ ಹಡಗು ಹತ್ತಿಸಿ ಯೂರೋಪಿಗೆ ಕಳುಹುವುದು. ಆದುದರಿಂದ ಟಿಪ್ಪುವಿನ ಪತನಾನಂತರ ಕಲ್ಕತ್ತೆಯ ಪತ್ರಿಕೆಗಳಲ್ಲಿ ಬಂದ ಸುದ್ದಿಯನ್ನು ಓದುವಾಗ, ಅದು ಕಾರ್ಯದರ್ಶಿಯ ಮೇಜನ್ನು ದಾಟಿ ಬಂದುದೆಂಬುದನ್ನು ನೆನಪಿನಲ್ಲಿಡಬೇಕು.

ಈ ಯುದ್ಧಗಳನ್ನು ಸ್ವಾತಂತ್ರ್ಯ ಯುದ್ಧವೆನ್ನಬಹುದೇ? ಪರಕೀಯರಿಗೆ ತಲೆಬಾಗಲೊಲ್ಲದ ರಾಜ್ಯವೊಂದರ ಹೋರಾಟವೆಂದಂತೂ ಧಾರಾಳವಾಗಿ ಹೇಳಬಹುದು. ಆದರೆ ಟಿಪ್ಪುವಿಗೆ ಅಂಜಿ ತಲಶ್ಶೇರಿಯಲ್ಲಿ ಆಂಗ್ಲರ ಆಶ್ರಯ ಪಡೆದ ಕುಂಬಳೆಯ ಅರಸನಿಗೂ, 1784ರಲ್ಲಿ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ನಡೆದ ಕೆನರಾದ ಕ್ರೈಸ್ತ ಸಂಸಾರಗಳಿಗೂ ಆ ಮಾತು ಒಪ್ಪುತ್ತಿತ್ತೆ? ಆ ಅರಸು 1799ರಲ್ಲಿ ಮರಳಿ ಬಂದು ಕಂಡದ್ದು ಸಿಂಹಾಸನವನ್ನಲ್ಲ, ಕುಂಪಣಿಯ ವರ್ಷಾಶನವನ್ನು.

ಇಂಥವರ ಮಾತು ಕೇಳಬೇಕಾದರೆ ಬೇರೆ ಕಡತ ಬಿಚ್ಚಬೇಕು. ನಮ್ಮ ಕರಾವಳಿಗೆ ಕನ್ನಡದ ಪತ್ರಿಕೆ ಬಂದುದು 1843ರ ಜುಲೈ 1ರಂದು, ಮೋಗ್ಲಿಂಗರ 'ಮಂಗಳೂರ ಸಮಾಚಾರ'ದೊಡನೆ. ಅದಕ್ಕೆ ಹಿಂದಿನದಕ್ಕೆ ದೇವಸ್ಥಾನದ ಲೆಕ್ಕ, ಗುತ್ತುಮನೆಯ ಕಡತ, ಓಲೆಗರಿ ಇವೇ ಗತಿ. ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ಇಂಜಿನಿಯರನಾಗಿದ್ದ ಮೆಕೆಂಜಿಯೇ ಬಳಿಕ ಊರೂರಿನ ಕೈಫಿಯತ್ತುಗಳನ್ನು ಬರೆಯಿಸಿ ಕೂಡಿಹಾಕಿದನು. ಮನೆಯಟ್ಟದ ಕಡತಗಳನ್ನು ನೋಡುವ ಅವಕಾಶವಿರುವ ಅಧ್ಯಾಪಕ ಬಂಧುಗಳು ಅಲ್ಲಿ ಕ್ರಿಸ್ತಶಕವನ್ನು ಹುಡುಕಬಾರದು. ಮಂಗಳೂರಿನ ಒಪ್ಪಂದವಾದುದು ಶೋಭಕೃತ್ ಸಂವತ್ಸರದ ಕೊನೆಗೆ. ಪಟ್ಟಣ ಬಿದ್ದುದು ಸಿದ್ಧಾರ್ಥಿಯ ಮೊದಲಿಗೆ. ಆ ಎರಡು ಹೆಸರುಗಳ ಕೆಳಗೆ ಗೇಣಿಯ ಲೆಕ್ಕವಿದ್ದರೂ ಸರಿ, ನಕಲು ಮಾಡಿಕೊಳ್ಳಬೇಕೆಂದು ಕೋರುತ್ತೇವೆ.