ಕೃತಕ ಹುಲ್ಲಿನ ಮೈದಾನಕ್ಕೆ ನಿರ್ವಹಣೆಯೇ ಬೇಡವೇ?

‘ಒಮ್ಮೆ ಹಾಸಿದರೆ ಸಾಕು, ನೀರೂ ಬೇಡ, ಕೆಲಸದವರೂ ಬೇಡ’ ಎಂದು ಟರ್ಫ್ ಬಗ್ಗೆ ಹೇಳುವವರಿದ್ದಾರೆ. ಹುಲ್ಲು ಕತ್ತರಿಸುವ, ಗೊಬ್ಬರ ಹಾಕುವ ಕೆಲಸ ಇಲ್ಲ ಎಂಬಷ್ಟು ಮಾತ್ರ ಇದರಲ್ಲಿ ನಿಜ.

ಫುಟ್‌ಬಾಲ್ ಟರ್ಫ್‌ನ ಹಸಿರು ಎಳೆಗಳ ನಡುವೆ ಸಾಮಾನ್ಯವಾಗಿ ಮರಳು ಮತ್ತು ಕಪ್ಪು ರಬ್ಬರ್ ಹರಳು ತುಂಬಿರುತ್ತಾರೆ. ರಬ್ಬರ್ ಹೆಚ್ಚಾಗಿ ಹಳೆಯ ಟೈರ್‌ಗಳದ್ದು. ಬಿದ್ದವರ ಪೆಟ್ಟು ತಗ್ಗಿಸುವುದರಲ್ಲಿ ಈ ಹರಳುಗಳದ್ದೇ ದೊಡ್ಡ ಪಾತ್ರ. ಓಡಾಟಕ್ಕೆ ಅವು ಪಕ್ಕಕ್ಕೆ ಸರಿಯುತ್ತವೆ, ಶೂ ಒಳಗೆ ಸೇರಿ ಮನೆಗೂ ಬರುತ್ತವೆ (ಮಕ್ಕಳ ಸಾಕ್ಸ್ ಒಗೆಯುವವರಿಗೆ ಇದು ಗೊತ್ತು!). ತುಳಿತ ಹೆಚ್ಚಿರುವ ಗೋಲಿನ ಮುಂಭಾಗ ಬೇಗ ಬರಿದಾಗಿ ಗಟ್ಟಿಯಾಗುತ್ತದೆ. ಅಲ್ಲಿ ತಲೆ ಬಡಿದರೆ ಏಟು ಜೋರು. ಹಾಗಾಗಿ ಆಗಾಗ ಬ್ರಷ್ ಎಳೆದು ಹರಳು ಸಮ ಮಾಡಬೇಕು, ಕಡಿಮೆಯಾದಲ್ಲಿ ಮತ್ತೆ ತುಂಬಬೇಕು, ಬಿಟ್ಟುಕೊಂಡ ಜೋಡಣೆಗಳನ್ನು ಅಂಟಿಸಬೇಕು.

ನೀರು ಬೇಡ ಎನ್ನುವುದೂ ಅರೆಸತ್ಯ. ದೊಡ್ಡ ಹಾಕಿ ಪಂದ್ಯಗಳ ಟರ್ಫ್‌ಗೆ ಆಟಕ್ಕೆ ಮುಂಚೆ ನೀರು ಹಾಯಿಸುವುದು ರೂಢಿ. ಚೆಂಡು ಸಲೀಸಾಗಿ ಓಡುತ್ತದೆ, ಬಿದ್ದರೆ ಚರ್ಮ ತರಚುವುದು ಕಡಿಮೆ.

ಇನ್ನು ಬಿಸಿಲು. ನಿಜವಾದ ಹುಲ್ಲು ನೀರಾವಿ ಬಿಟ್ಟು ತಂಪಾಗುತ್ತದೆ, ಪ್ಲಾಸ್ಟಿಕ್ ಹಾಗಲ್ಲ. ಸುಡುಬಿಸಿಲಿನಲ್ಲಿ ಟರ್ಫ್ ಮೇಲ್ಮೈ 60 ಡಿಗ್ರಿ ಸೆಲ್ಸಿಯಸ್ ದಾಟಬಲ್ಲದು. ನೀರು ಚಿಮುಕಿಸಿದರೂ ತಂಪು ಹೆಚ್ಚು ಹೊತ್ತು ನಿಲ್ಲದು. ಮಧ್ಯಾಹ್ನ ಮಕ್ಕಳನ್ನು ಬರಿಗಾಲಲ್ಲಿ ಬಿಡಬೇಡಿ.

ರಬ್ಬರ್ ಹರಳಿನಿಂದ ಕ್ಯಾನ್ಸರ್ ಬರುತ್ತದೆಯೇ? ಯುರೋಪಿನ ರಾಸಾಯನಿಕ ಸಂಸ್ಥೆ 2017ರಲ್ಲಿ ಪರಿಶೀಲಿಸಿ, ಆತಂಕದ ಮಟ್ಟ ತೀರಾ ಕಡಿಮೆ ಎಂದಿತು. ಆದರೆ 2023ರಲ್ಲಿ ಯುರೋಪಿಯನ್ ಒಕ್ಕೂಟ ಇದರ ಮಾರಾಟ ನಿಲ್ಲಿಸಲು 8 ವರ್ಷದ ಗಡುವು ಕೊಟ್ಟಿದೆ. ಕಾರಣ ಕ್ಯಾನ್ಸರ್ ಅಲ್ಲ, ಮಣ್ಣು–ನೀರಿಗೆ ಸೇರುವ ಮೈಕ್ರೋಪ್ಲಾಸ್ಟಿಕ್.